ಹಜ್ಜಾನರೂ ಅವರ ಸಂಘಸೇವೆಯೂ

ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಸಿನಗಾಗ್ ಎಂದು ಹೆಸರು. ಅಲ್ಲಿ ಧರ್ಮಶಾಸ್ತ್ರವನ್ನು ಬೋಧಿಸುವವನು ರಬ್ಬಿ. ಪ್ರಾರ್ಥನೆಯನ್ನು ಹಾಡಿ ನಡೆಸುವವನು ಹಜ್ಜಾನ್. ಇಂಗ್ಲಿಷಿನಲ್ಲಿ ಇವನಿಗೆ ಕ್ಯಾಂಟರ್ ಎನ್ನುತ್ತಾರೆ. ಮೊದಮೊದಲು ಹಜ್ಜಾನ್ ಎಂಬ ಶಬ್ದಕ್ಕೆ ಗಾಯಕನೆಂಬ ಅರ್ಥವೇ ಇರಲಿಲ್ಲ. ಮಂದಿರದ ಮೇಲ್ವಿಚಾರಕನನ್ನು ಹಾಗೆ ಕರೆಯುತ್ತಿದ್ದರು. ಪ್ರಾರ್ಥನೆ ನಡೆಸುವವನಿಗೆ ‘ಸಮುದಾಯದ ದೂತ’ ಎಂಬ ಹೆಸರೂ ಉಂಟು. ಈ ದೌತ್ಯವನ್ನು ಹೀಬ್ರೂ ಪಾಠವನ್ನೂ ಧಾಟಿಯನ್ನೂ ಬಲ್ಲ ಗೃಹಸ್ಥನೂ ವಹಿಸಬಹುದು. ಹಾಗಿದ್ದ ಮೇಲೆ ಸಂಬಳದ ಗಾಯಕನೇಕೆ ಎಂದು ವಾಚಕರು ಕೇಳಬಹುದು.

ಇದಕ್ಕೆ ಉತ್ತರ ‘ನುಸಖ್’ ಎಂಬ ಧಾಟಿಯ ಕಟ್ಟಳೆಯಲ್ಲಿದೆ. ಹೊತ್ತು, ವಾರ, ಹಬ್ಬಗಳಿಗೆ ತಕ್ಕಂತೆ ಪ್ರಾರ್ಥನೆಯ ಧಾಟಿ ಬದಲಾಗುತ್ತದೆ. ಸಬ್ಬತ್ತಿನ ಧಾಟಿ ಬೇರೆ, ವರ್ಷಾರಂಭದ ಹಬ್ಬದ್ದು ಬೇರೆ. ಪೂರ್ವ ಯೂರೋಪಿನ ಸಂಪ್ರದಾಯದಲ್ಲಿ ‘ಅಹವಾ ರಬ್ಬಾ’ ಎಂಬುದೊಂದು ಧಾಟಿ. ಅದರ ಸ್ವರಗಳನ್ನು ನಮ್ಮ ಮೇಳಕರ್ತ ಪದ್ಧತಿಯಲ್ಲಿಟ್ಟು ನೋಡಿದರೆ 14ನೆಯದಾದ ವಕುಳಾಭರಣದ ಸ್ವರಸ್ಥಾನಗಳೇ ದೊರೆಯುತ್ತವೆ. ಸ್ವರಸ್ಥಾನ ಒಂದಾದ ಮಾತ್ರಕ್ಕೆ ರಾಗವೂ ಒಂದೇ ಎನ್ನಲಾಗದು. ಅವರ ಗಮಕ, ಸಂಚಾರಗಳೇ ಬೇರೆ. ಆದರೂ ಸಂಗೀತ ಬಲ್ಲ ಸಹಪಾಠಿಗಳು ಹೋಲಿಸಿ ಕೇಳಬಹುದಾದ ವಿಷಯವಿದು.

ಈ ವಿದ್ಯೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದದ್ದು. ಹುಡುಗನು ಹಿರಿಯ ಹಜ್ಜಾನನ ಮೇಳದಲ್ಲಿ ಹಾಡುತ್ತ ಹಾಡುತ್ತ ಕಲಿಯುತ್ತಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಾಗ ಪೋಲೆಂಡ್, ಲಿಥುವೇನಿಯ ಮೊದಲಾದ ನಾಡುಗಳ ಗುರುಗಳೂ ಶಿಷ್ಯರೂ ಒಟ್ಟಿಗೆ ಅಳಿದರು. ಅಮೆರಿಕದ ಮಂದಿರಗಳಿಗೆ ಹಜ್ಜಾನರು ಬರುತ್ತಿದ್ದುದು ಮುಖ್ಯವಾಗಿ ಅಲ್ಲಿಂದಲೇ. ಆ ಬಾವಿಯೇ ಬತ್ತಿಹೋಯಿತು.

ಅಮೆರಿಕದ ಹಜ್ಜಾನರು 1947ರಲ್ಲಿ ಕ್ಯಾಂಟರ್ಸ್ ಅಸೆಂಬ್ಲಿಯನ್ನು ಕಟ್ಟಿದರು. ಸುಧಾರಣಾ ಪಂಥದವರ ಸಂಘ 1953ರಲ್ಲಿ ಬಂದಿತು. ಈ ನಡುವೆ 1948ರಲ್ಲಿಯೂ 1952ರಲ್ಲಿಯೂ ನ್ಯೂಯಾರ್ಕಿನಲ್ಲಿ ಎರಡು ಶಿಕ್ಷಣಶಾಲೆಗಳು ತೆರೆದವು. ಶಾಲೆ ಪದವಿಯನ್ನು ಕೊಟ್ಟೀತು. ಪದವಿಯಾದ ಮೇಲೆ ದೂರದ ಊರಿನಲ್ಲಿ ಒಂಟಿಯಾಗಿ ನಿಂತವನಿಗೆ ದಾರಿ ಹೇಳುವವರಾರು? ಇಲ್ಲಿಯೇ ಸಂಘದ ಸ್ವಯಂಸೇವೆಗೆ ಬೆಲೆ. ಅಧ್ಯಕ್ಷರಾಗಿ ಆರಿಸಿಬರುವವರು ತಮ್ಮ ತಮ್ಮ ಮಂದಿರಗಳಲ್ಲಿ ದುಡಿಯುವ ಹಜ್ಜಾನರೇ. ಸಮ್ಮೇಳನ ನಡೆಸುವುದು, ಕಿರಿಯರಿಗೆ ಮಾರ್ಗದರ್ಶನ, ಸ್ವರಲಿಪಿಗಳ ಪ್ರಕಟಣೆ, 1967ರಲ್ಲಿ ಆರಂಭವಾದ ಸಿನಗಾಗ್ ಸಂಗೀತದ ಪತ್ರಿಕೆಗೆ ಲೇಖನ ಬರೆಯುವುದು — ಇವೆಲ್ಲ ಮಂದಿರದ ಕೆಲಸ ಮುಗಿದ ಮೇಲಿನ ಕೆಲಸಗಳು.

ಇದು ಹೇಳಿದಷ್ಟು ಸುಲಭವಲ್ಲ. ಕಿರಿಯನಿಗೆ ಸಹಾಯ ಬೇಕಾಗುವುದು ಶರತ್ಕಾಲದ ಮಹಾಪರ್ವಗಳ ಮುನ್ನ; ಹಿರಿಯನಿಗೆ ಉಸಿರಾಡಲು ಬಿಡುವಿಲ್ಲದಿರುವುದೂ ಆಗಲೇ. ಮೇಲಾಗಿ, ಇಂದು ಪಾಠ ಹೇಳಿಸಿಕೊಂಡವನು ನಾಳೆ ಅದೇ ಹುದ್ದೆಗೆ ಅರ್ಜಿ ಹಾಕಬಹುದು. ಹೀಗಿದ್ದೂ ಪಾಠ ಹೇಳುವ ಔದಾರ್ಯವನ್ನು ನಾನು ಸಮಿತಿಯ ಕೆಲಸಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ಸಂಘದ ಬಾಗಿಲು ಮಾತ್ರ ಎಲ್ಲರಿಗೂ ಒಮ್ಮೆಗೇ ತೆರೆಯಲಿಲ್ಲ. ಸುಧಾರಣಾ ಪಂಥದಲ್ಲಿ 1975ರಲ್ಲಿ ಬಾರ್ಬರಾ ಆಸ್ಟ್‌ಫೆಲ್ಡ್ ಎಂಬಾಕೆ ಹಜ್ಜಾನ್ ಪದವಿ ಪಡೆದರು. ಕನ್ಸರ್ವೇಟಿವ್ ಪಂಥದ ಶಾಲೆ ಸ್ತ್ರೀಯರಿಗೆ ಆ ಪದವಿಯನ್ನು ಕೊಟ್ಟದ್ದು 1987ರಲ್ಲಿ. ಅದೇ ಪಂಥದ ಕ್ಯಾಂಟರ್ಸ್ ಅಸೆಂಬ್ಲಿ ಅವರನ್ನು ಸದಸ್ಯೆಯರನ್ನಾಗಿ ಸೇರಿಸಿಕೊಂಡದ್ದು 1990ರಲ್ಲಿ. ನಡುವಣ ಮೂರು ವರ್ಷ ಅವರಿಗೆ ಪದವಿಯಿತ್ತು, ಸಂಘದ ಸೇವೆ ಮಾಡುವ ಹಕ್ಕಿರಲಿಲ್ಲ. 2013ರಲ್ಲಿ ನ್ಯಾನ್ಸಿ ಅಬ್ರಾಮ್ಸನ್ ಅದೇ ಸಂಘದ ಮೊದಲ ಮಹಿಳಾ ಅಧ್ಯಕ್ಷರಾದರು.