ಮಳೆಗಾಲಕ್ಕೆ ಮುಂಚೆ ಮಣ್ಣುಗೋಡೆಯ ಮನೆಗಳ ರಕ್ಷಣೆ

ಗದ್ದೆಯ ಬದುವನ್ನೂ ಎತ್ತಿನ ಲಾಳವನ್ನೂ ಕಾಲಕಾಲಕ್ಕೆ ನೋಡಿಕೊಳ್ಳುವ ರೈತನು ತಾನು ವಾಸಿಸುವ ಮನೆಯ ಗೋಡೆಯನ್ನು ಅಷ್ಟೇ ಎಚ್ಚರಿಕೆಯಿಂದ ನೋಡಿಕೊಳ್ಳುವುದು ಅಪರೂಪ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಗ್ರಾಮಗಳಲ್ಲಿ ಮಣ್ಣಿನ ಅಥವಾ ಹಸಿ ಇಟ್ಟಿಗೆಯ ಗೋಡೆಯೂ ಹೆಂಚಿನ ಹೊದಿಕೆಯೂ ಉಳ್ಳ ಹಳೆಯ ಮನೆಗಳು ಇಂದಿಗೂ ಉಂಟು. ಇಂಥ ಮನೆಯು ಬೇಸಗೆಯಲ್ಲಿ ತಂಪಾಗಿಯೂ ಚಳಿಯಲ್ಲಿ ಬೆಚ್ಚಗೂ ಇರುವುದಲ್ಲದೆ, ತಕ್ಕಂತೆ ಕಾಪಾಡಿದರೆ ಹಲವು ತಲೆಮಾರುಗಳವರೆಗೆ ಬಾಳುತ್ತದೆ. ಉಪೇಕ್ಷಿಸಿದರೆ ಸೋನೆಮಳೆಯಲ್ಲಿ ಕುಸಿಯುತ್ತದೆ. ರಾತ್ರಿಯಲ್ಲಿ ಕುಸಿದರೆ ಮಲಗಿರುವವರಿಗೆ ತಪ್ಪಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ. ಆದುದರಿಂದ ಇದು ಕೇವಲ ಅಂದಚಂದದ ವಿಷಯವಲ್ಲ. ಪ್ರಾಣರಕ್ಷಣೆಯ ವಿಷಯವೆಂದು ತಿಳಿಯತಕ್ಕದ್ದು.

ಗೋಡೆಯು ಕೆಡುವ ಕಾರಣ

ಮಳೆಯಿಂದ ಗೋಡೆ ಬಿತ್ತೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಒಂದು ಸಲ ನೆನೆದು ಒಣಗಿದ ಮಾತ್ರಕ್ಕೆ ಒಳ್ಳೆಯ ಮಣ್ಣುಗೋಡೆಯು ಬೀಳುವುದಿಲ್ಲ. ನೀರು ಬುಡದಲ್ಲಿ ನಿಲ್ಲುವುದೂ, ಒಳಗೆ ಸೇರಿದ ತೇವಕ್ಕೆ ಹೊರಬರಲು ದಾರಿಯಿಲ್ಲದಿರುವುದೂ ಮುಖ್ಯ ಕಾರಣಗಳು. ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆ ಹೀರುವಂತೆ ಮಣ್ಣುಗೋಡೆಯು ನೆಲದ ತೇವವನ್ನು ಹೀರುತ್ತದೆ. ಆ ತೇವವು ಗೋಡೆಯ ಮೈಯಿಂದ ಆರಿಹೋಗುವಾಗ ಅದರಲ್ಲಿ ಕರಗಿದ್ದ ಉಪ್ಪು ಬಿಳಿಯ ಹುಡಿಯಾಗಿ ನಿಲ್ಲುತ್ತದೆ. ಈ ಉಪ್ಪು ಹರಳುಗಟ್ಟುವಾಗ ಮಣ್ಣಿನ ಕಣಗಳನ್ನು ಸಡಿಲಿಸುವುದರಿಂದ ಗೋಡೆಯ ಬುಡವು ವರ್ಷವರ್ಷಕ್ಕೂ ಉದುರಿ ಸಣ್ಣದಾಗುತ್ತದೆ. ಮೇಲಿನ ಭಾರವು ಮೊದಲಿನಷ್ಟೇ ಇದ್ದು ಬುಡ ಮಾತ್ರ ತೆಳುವಾದರೆ ಆಗುವ ಪರಿಣಾಮವನ್ನು ಹೇಳಬೇಕಾದುದಿಲ್ಲ.

ನಾಲ್ಕು ತಾಲ್ಲೂಕುಗಳ ಸ್ಥಿತಿ

ಶ್ರೀರಂಗಪಟ್ಟಣದ ಸೀಮೆಯಲ್ಲಿ ಚಿಕ್ಕದೇವರಾಯಸಾಗರ, ವಿರಿಜಾ ಮೊದಲಾದ ಹಳೆಯ ನಾಲೆಗಳು ಮುಂಚಿನಿಂದಲೂ ಹರಿಯುತ್ತಿವೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವು ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯು (ಆಗ್ಗೆ ಇರ್ವಿನ್ ನಾಲೆ) ಹರಿದ ಮೇಲೆ ಪಾಂಡವಪುರದ ಕಡೆಯೂ ಬತ್ತ, ಕಬ್ಬುಗಳ ಬೆಳೆ ಹೆಚ್ಚಿತು. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ಮೇಲಿನ ಮಂದಗೆರೆ, ಹೇಮಗಿರಿ ಅಣೆಕಟ್ಟುಗಳ ಕಾಲುವೆಗಳುಂಟು. ಮನೆಯ ಬೆನ್ನಿಗೇ ಗದ್ದೆಯಿರುವ ಇಂಥ ಗ್ರಾಮಗಳಲ್ಲಿ ನೆಲವು ಬಹುಕಾಲ ತೇವದಿಂದಿರುವುದರಿಂದ ಮುಖ್ಯ ಶತ್ರುವು ಕೆಳಗಿನಿಂದ ಏರುವ ನೀರು. ನಾಗಮಂಗಲದ ಮಳೆಯಾಶ್ರಯದ ಕೆಂಪುಭೂಮಿಯಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಸೂರುನೀರಿನ ಕೊರೆತ, ಬಿಸಿಲಿನ ಬಿರುಕು, ಗೆದ್ದಲು ಇವುಗಳ ಕಡೆಗೆ ಹೆಚ್ಚು ಗಮನ ಕೊಡತಕ್ಕದ್ದು.

ಪರೀಕ್ಷೆ

ಯುಗಾದಿ ಕಳೆದ ಮೇಲೆ, ಭರಣಿ ಮಳೆಗೆ ಮುಂಚೆ, ಒಂದು ದಿನ ಮನೆಯನ್ನು ಒಳಗೂ ಹೊರಗೂ ಸುತ್ತಿ ನೋಡಬೇಕು.

1. ತೇವದ ಗುರುತು ಬುಡದಿಂದ ಮೇಲಕ್ಕೆ ಏರಿದ್ದರೆ ನೆಲದ ನೀರೆಂದೂ, ಮೇಲಿನಿಂದ ಪಟ್ಟೆಪಟ್ಟೆಯಾಗಿ ಇಳಿದಿದ್ದರೆ ಮಾಡಿನ ಸೋರಿಕೆಯೆಂದೂ ತಿಳಿಯಬಹುದು. ತೇವದ ಅಂಚಿನಲ್ಲಿ ಇದ್ದಿಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟರೆ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಮುಂದೆ ಗೊತ್ತಾಗುವುದು.

2. ಬಿರುಕಿಗೆ ಅಡ್ಡಲಾಗಿ ತೆಳುವಾದ ಕಾಗದದ ಪಟ್ಟಿಯನ್ನು ಅಂಟಿಸಬೇಕು. ಕೆಲವು ವಾರಗಳಲ್ಲಿ ಅದು ಹರಿದರೆ ಗೋಡೆ ಇನ್ನೂ ಅಲುಗುತ್ತಿದೆಯೆಂದರ್ಥ.

3. ಗೋಡೆಯ ನೆತ್ತಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ, ಗೋಡೆಯು ಹೊರಕ್ಕೆ ವಾಲಿರುವುದೂ ನಡುವೆ ಉಬ್ಬಿರುವುದೂ ಕಾಣುವುದು.

ನೀರನ್ನು ದೂರವಿಡುವ ಕೆಲಸಗಳು

ಮೊದಲನೆಯದಾಗಿ, ಗೋಡೆಯಿಂದ 3 ಅಡಿ ಅಗಲದ ನೆಲವನ್ನು ದಿಮ್ಮಸು ಬಡಿದು ಗಟ್ಟಿಮಾಡಿ, ಹೊರಮುಖವಾಗಿ ಎರಡು ಅಂಗುಲದಷ್ಟು ಇಳಿಜಾರು ಕೊಡಬೇಕು. ರಸ್ತೆಯನ್ನು ಪದೇ ಪದೇ ಎತ್ತರಿಸಿದ್ದರಿಂದ ಮನೆಯ ನೆಲವು ತಗ್ಗಾಗಿದ್ದರೆ, ನೀರು ಹರಿದುಹೋಗಲು ಚರಂಡಿಯನ್ನು ಬೇರೆಯಾಗಿಯೇ ತೋಡಬೇಕು.

ಎರಡನೆಯದಾಗಿ, ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗದಂತೆ ಹಿತ್ತಲಿನ ತೆಂಗು, ಬಾಳೆಗಳ ಕಡೆಗೆ ಕಾಲುವೆ ಮಾಡಬೇಕು. ತಿಪ್ಪೆಯನ್ನೂ ಕೊಟ್ಟಿಗೆಯ ಗಂಜಳವನ್ನೂ ಗೋಡೆಗೆ ತಾಗಗೊಡಬಾರದು. ಅವುಗಳಲ್ಲಿರುವ ಲವಣಗಳು ಗೋಡೆಯನ್ನು ಬರಿಯ ನೀರಿಗಿಂತ ಬೇಗ ಕೆಡಿಸುತ್ತವೆ.

ಮೂರನೆಯದಾಗಿ, ಹೆಂಚುಗಳನ್ನು ಕೈಯಾಡಿಸಿ, ಒಡೆದವನ್ನು ತೆಗೆದು, ಕಸಕಡ್ಡಿಯನ್ನು ಗುಡಿಸಬೇಕು. ಒಡೆದ ಮಂಗಳೂರು ಹೆಂಚಿಗೆ ಬದಲಾಗಿ ಅದೇ ಅಳತೆಯದನ್ನೇ ಹೊದಿಸಬೇಕು. ಬೇರೆ ಅಳತೆಯದು ಕಚ್ಚಿಕೊಳ್ಳದೆ ಸೋರುವುದು. ತೊಟ್ಟಿಮನೆಗಳಲ್ಲಿ ಎರಡು ಮಾಡುಗಳು ಸೇರುವ ಮೂಲೆಯ ತಗಡಿನ ದೋಣಿಯನ್ನು ತಪ್ಪದೆ ಪರೀಕ್ಷಿಸಬೇಕು. ಸೂರು ಗೋಡೆಯಿಂದ 2 ಅಡಿಯಾದರೂ ಮುಂದಕ್ಕೆ ಚಾಚಿರುವುದು ಒಳ್ಳೆಯದು.

ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ತನ್ನು ಈ ದೃಷ್ಟಿಯಿಂದ ನೋಡಿಬರುವುದು ಉಪಯುಕ್ತ. ಎತ್ತರದ ಜಗಲಿ, ಸುತ್ತಲೂ ಅಗಲವಾದ ಮೊಗಸಾಲೆ, ಮುಂದಕ್ಕೆ ಚಾಚಿದ ಸೂರು ಇವುಗಳಿಂದಾಗಿ ಅದರ ಚಿತ್ರಗಳುಳ್ಳ ಗೋಡೆಗಳಿಗೆ ಮಳೆ ನೇರವಾಗಿ ಬಡಿಯುವುದಿಲ್ಲ. ಕಾಲಕಾಲಕ್ಕೆ ದುರಸ್ತಿಯೂ ನಡೆದಿದೆ. ಅರಮನೆಗೆ ಅನ್ವಯಿಸುವ ಈ ನಿಯಮವೇ ರೈತನ ಮನೆಗೂ ಅನ್ವಯಿಸುತ್ತದೆ.

ಗಿಲಾವಿನ ವಿಷಯ

ಉದುರುತ್ತಿರುವ ಮಣ್ಣುಗೋಡೆಗೆ ಸಿಮೆಂಟು ಬಳಿಸಿದರೆ ಗಟ್ಟಿಯಾಗುವುದೆಂದು ಅನೇಕರು ನಂಬುತ್ತಾರೆ. ಇದು ಸರಿಯಲ್ಲ. ಸಿಮೆಂಟು ಗಿಲಾವು ತೇವವನ್ನು ಸುಲಭವಾಗಿ ಹೊರಬಿಡದ ಕಾರಣ, ಹೊರಗೆ ಒಣಗಿದಂತೆ ಕಂಡರೂ ಒಳಗಿನ ಮಣ್ಣು ಮೆತ್ತಗಾಗುತ್ತ, ತೇವವು ಇನ್ನೂ ಎತ್ತರಕ್ಕೆ ಏರುತ್ತದೆ. ಕೊನೆಗೆ ಗಿಲಾವು ಹಲಗೆಯಂತೆ ಬಿಟ್ಟು ಬೀಳುವಾಗ ಗೋಡೆಯ ಮಣ್ಣನ್ನೂ ಎಳೆದುಕೊಂಡು ಬರುತ್ತದೆ. ಇದಕ್ಕಿಂತ ಕೆಟ್ಟದ್ದೇನೆಂದರೆ, ಅಪಾಯದ ಗುರುತುಗಳೆಲ್ಲ ಆ ಹೊದಿಕೆಯ ಹಿಂದೆ ಮರೆಯಾಗಿಬಿಡುತ್ತವೆ.

ಮಣ್ಣುಗೋಡೆಗೆ ಮಣ್ಣಿನ ಗಿಲಾವೇ ತಕ್ಕದ್ದು. ಒಂದು ಪಾಲು ಜಿಗಟು ಮಣ್ಣಿಗೆ ಎರಡು ಮೂರು ಪಾಲು ಮರಳನ್ನೂ, ಕತ್ತರಿಸಿದ ಬತ್ತದ ಹುಲ್ಲನ್ನೂ ಸೇರಿಸಿ, ಒಂದು ವಾರ ನೆನೆಯಿಟ್ಟು ತುಳಿದು ಹದಮಾಡಬೇಕು. ಊರಿಂದೂರಿಗೆ ಮಣ್ಣಿನ ಗುಣ ಬೇರೆಯಾದುದರಿಂದ ಮೊದಲು ಒಂದು ಚದರಡಿಯಷ್ಟು ಬಳಿದು ನೋಡಬೇಕು. ಒಣಗಿದಾಗ ಬಿರಿದರೆ ಮರಳನ್ನೂ, ಕೈಯಿಂದ ಉಜ್ಜಿದಾಗ ಉದುರಿದರೆ ಜಿಗಟು ಮಣ್ಣನ್ನೂ ಹೆಚ್ಚಿಸಬೇಕು. ಮೇಲೆ ಸುಣ್ಣ ಬಳಿಯಬಹುದು. ಸುಣ್ಣವು ತೇವವನ್ನು ತಡೆಯುವುದಿಲ್ಲ. ತೇವವನ್ನು ಒಳಗೇ ಕಟ್ಟುವ ಎಣ್ಣೆ ಬಣ್ಣ, ಪ್ಲಾಸ್ಟಿಕ್ ಬಣ್ಣಗಳನ್ನು ಬಳಸಬಾರದು.

ಕೊರೆದುಹೋದ ಬುಡವನ್ನು ಸರಿಪಡಿಸುವಾಗ ಉದ್ದಕ್ಕೂ ಒಂದೇ ಸಲ ಅಗೆಯುವುದು ಬಹು ಅಪಾಯಕರ. ಮಾಡಿಗೆ ಆಸರೆ ಕಂಬಗಳನ್ನು ಕೊಟ್ಟು, ಎರಡು ಅಡಿಯಷ್ಟು ಭಾಗದಲ್ಲಿ ಸಡಿಲ ಮಣ್ಣನ್ನು ತೆಗೆದು ಹಸಿ ಇಟ್ಟಿಗೆಯಿಂದ ತುಂಬಿ, ಅದು ಗಟ್ಟಿಯಾದ ಮೇಲೆಯೇ ಪಕ್ಕದ ಭಾಗಕ್ಕೆ ಕೈಹಾಕಬೇಕು. ಈ ಕೆಲಸವನ್ನು ಅನುಭವವುಳ್ಳ ಗಾರೆಯವರಿಂದಲೇ ಮಾಡಿಸತಕ್ಕದ್ದು.

ಗೆದ್ದಲು

ಗೆದ್ದಲು ಬೆಳಕಿಗೆ ಬಾರದೆ ಮಣ್ಣಿನ ಕೊಳವೆ ಕಟ್ಟಿಕೊಂಡು ತೊಲೆ, ಜಂತೆಗಳಿಗೆ ಏರುತ್ತದೆ. ಕೊಳವೆಯನ್ನು ಕೆರೆದುಹಾಕಿ ಎರಡು ದಿನ ಬಿಟ್ಟು ನೋಡಬೇಕು. ಮತ್ತೆ ಕಟ್ಟಿದ್ದರೆ ಗೆದ್ದಲು ಜೀವಂತವಾಗಿದೆ. ಸೌದೆಯನ್ನೂ ಹುಲ್ಲಿನ ಮೆದೆಯನ್ನೂ ಗೋಡೆಗೆ ಒರಗಿಸಬಾರದು. ಮರವನ್ನು ಕಟ್ಟಿಗೆಯಿಂದ ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಬಡಗಿಯನ್ನು ಕರೆಸಿ ಬದಲಾಯಿಸಬೇಕು. ಬೆಳೆಗೆ ಹೊಡೆಯುವ ವಿಷದ ಔಷಧಿಗಳನ್ನು ವಾಸದ ಮನೆಯೊಳಗೆ ತಾವಾಗಿಯೇ ಸಿಂಪಡಿಸಕೂಡದು.

ಅಪಾಯದ ಸೂಚನೆಗಳು

ಹಸ್ತ, ಚಿತ್ತ ಮಳೆಗಳು ಹಿಡಿದಾಗ ಗೋಡೆಯು ಹೊಸದಾಗಿ ಉಬ್ಬುವುದು, ಬಿರುಕು ಅಗಲವಾಗುವುದು, ಮಣ್ಣಿನ ಹೆಂಟೆಗಳು ಉದುರುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಆ ದಿನವೇ ಮಕ್ಕಳನ್ನೂ ವೃದ್ಧರನ್ನೂ ದನಕರುಗಳನ್ನೂ ಬೇರೆಡೆಗೆ ಸಾಗಿಸಬೇಕು. ಸಾಮಾನು ಸಾಗಿಸುವುದು ಆಮೇಲೆ. ನೆನೆದ ಗೋಡೆಯ ವಿದ್ಯುತ್ ಗುಂಡಿಗಳನ್ನು ಮುಟ್ಟದೆ, ಒಣಗಿದ ಜಾಗದಲ್ಲಿರುವ ಮುಖ್ಯ ಸ್ವಿಚ್ಚಿನಿಂದಲೇ ವಿದ್ಯುತ್ತನ್ನು ನಿಲ್ಲಿಸಬೇಕು. ಮಳೆ ನಿಂತೊಡನೆ ಅಪಾಯ ಕಳೆಯಿತೆಂದು ತಿಳಿಯಬಾರದು. ನೆನೆದ ಗೋಡೆಯು ಬಿಸಿಲು ಬಂದ ಮೇಲೆಯೂ ಕುಸಿಯಬಹುದು.

ಮೇಲೆ ಹೇಳಿದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಬೇಕಾಗುವುದು ಗುದ್ದಲಿ, ಮಂಕರಿ, ಊರಿನ ಮಣ್ಣು ಮತ್ತು ಮನೆಯವರ ಕೆಲವು ದಿನಗಳ ದುಡಿಮೆ. ಭರಣಿಗೆ ಮುಂಚೆ ಒಂದು ಸಲ, ಹಸ್ತಕ್ಕೆ ಮುಂಚೆ ಮತ್ತೊಂದು ಸಲ ಮನೆಯ ಸುತ್ತ ನಡೆದು, ನೀರು ಎಲ್ಲಿ ನಿಲ್ಲುತ್ತದೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ನೋಡಿಕೊಳ್ಳತಕ್ಕದ್ದು.