ಕಚೇರಿಯ ಯಂತ್ರ ನಿಂತಾಗ

ಮನುಷ್ಯನು ತನ್ನ ಕೆಲಸವು ಹಗುರವಾಗಲೆಂದು ಯಂತ್ರವನ್ನು ಮಾಡಿಕೊಂಡನು. ಯಂತ್ರವೆಂದ ಮೇಲೆ ಒಮ್ಮೊಮ್ಮೆ ಕೆಡುವುದೂ ಸಹಜವೇ. ಎತ್ತಿನ ಗಾಡಿಯ ಅಚ್ಚು ಮುರಿದರೆ ಏನು ಮಾಡಬೇಕೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಕಂಪ್ಯೂಟರ್ ನಿಂತರೆ ಏನು ಮಾಡಬೇಕೆಂಬುದನ್ನು ನಾವಿನ್ನೂ ಸರಿಯಾಗಿ ಕಲಿತಂತಿಲ್ಲ. ನಾನು ತುಮಕೂರಿನಲ್ಲಿ ತರಗತಿಗಳನ್ನು ಮುಗಿಸಿಕೊಂಡು, ಸಂಜೆಯ ಹೊತ್ತು ಗುಬ್ಬಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬುವ ಕೆಲಸ ಮಾಡುತ್ತೇನೆ. ಅಲ್ಲಿ ಕಂಡು ಕಲಿತದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಏಕೆಂದರೆ ನಮ್ಮಲ್ಲಿ ಹಲವರು ನಾಳೆ ಕಚೇರಿಯ ಮೇಜಿನ ಆಚೆ ಕುಳಿತುಕೊಳ್ಳುವವರೇ.

ಈ ಪ್ರಶ್ನೆ ಇಷ್ಟು ಮುಖ್ಯವಾದದ್ದು ಹೇಗೆಂಬುದನ್ನು ಮೊದಲು ನೋಡೋಣ. ಹಿಂದೆ ಪಹಣಿಯನ್ನು ಶ್ಯಾನುಭೋಗರೂ ಅನಂತರ ಗ್ರಾಮಲೆಕ್ಕಿಗರೂ ಕೈಯಲ್ಲಿ ಬರೆದು ಕೊಡುತ್ತಿದ್ದರು. ಆ ಪದ್ಧತಿಯಲ್ಲಿ ವಿಳಂಬವೂ ಲಂಚವೂ ಇದ್ದವು. ಇದನ್ನು ತಪ್ಪಿಸಲು ಕರ್ನಾಟಕ ಸರಕಾರವು ೨೦೦೦ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯನ್ನು ತಂದು, ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ೧೫ ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜೊತೆಯಲ್ಲಿಯೇ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲದಂತಾಯಿತು. ಎಂದರೆ, ಯಂತ್ರ ನಿಂತ ದಿನ ‘ಹೋಗಲಿ, ಬರೆದೇ ಕೊಡಿ’ ಎಂದು ಕೇಳುವ ದಾರಿ ರೈತನಿಗೆ ಉಳಿಯಲಿಲ್ಲ. ಆದ್ದರಿಂದ ಯಂತ್ರವನ್ನು ಬಲ್ಲವನ ಹೊಣೆ ಮೊದಲಿಗಿಂತ ಹೆಚ್ಚಿತು.

ಯಂತ್ರದ ತೊಂದರೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ನಮ್ಮ ಕೈಗೆ ಎಟಕುವ ತೊಂದರೆ. ಇದರ ಮೂಲ ಬಹುಮಟ್ಟಿಗೆ ವಿದ್ಯುತ್ತು, ತಂತಿ ಅಥವಾ ಕಾಗದ. ಮಳೆಗಾಲದಲ್ಲಿ ಕಾಗದವು ತೇವವನ್ನು ಹೀರಿ, ಎರಡು ಹಾಳೆಗಳು ಅಂಟಿಕೊಂಡು ಪ್ರಿಂಟರಿನೊಳಗೆ ಸಿಕ್ಕಿಕೊಳ್ಳುತ್ತವೆ. ಕಟ್ಟನ್ನು ಬಿಡಿಸಿ, ಹಾಳೆಗಳ ನಡುವೆ ಗಾಳಿಯಾಡುವಂತೆ ಕೊಡವಿ ಇಟ್ಟರೆ ಅರ್ಧ ತೊಂದರೆ ಕಳೆಯುತ್ತದೆ. ಸಿಕ್ಕಿಕೊಂಡ ಹಾಳೆಯನ್ನು ಅದು ಸಾಗುವ ದಿಕ್ಕಿನಲ್ಲಿಯೇ ಎರಡು ಕೈಯಿಂದ ಮೆಲ್ಲಗೆ ಎಳೆಯತಕ್ಕದ್ದು. ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವ ಉರುಳೆಯೊಂದಿದೆ; ಅದರ ಬಿಸಿ ೨೦೦ ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಹೋಗುತ್ತದೆ. ಸ್ವಿಚ್ಚು ಆರಿಸಿ ತಣ್ಣಗಾಗುವವರೆಗೆ ಕಾಯದೆ ಕೈ ಹಾಕಬಾರದು. ಆ ಬಿಸಿಗೆ ಹೆಚ್ಚು ವಿದ್ಯುತ್ತು ಬೇಕಾಗುವುದರಿಂದ, ಲೇಸರ್ ಪ್ರಿಂಟರನ್ನು ಸಣ್ಣ ಯು.ಪಿ.ಎಸ್.ಗೆ ಸೇರಿಸಲೂ ಬಾರದು.

ಎರಡನೆಯದು, ಕೈಗೆ ಎಟಕದ ತೊಂದರೆ. ಇದನ್ನೇ ಜನರು ‘ಸರ್ವರ್ ಇಲ್ಲ’ ಎನ್ನುತ್ತಾರೆ. ಆದರೆ ಈ ಮಾತನ್ನು ಹೇಳುವ ಮೊದಲು ಪರೀಕ್ಷಿಸಬೇಕಾದ್ದು ಒಂದುಂಟು. ಬೇರೆ ಯಾವುದಾದರೂ ಜಾಲತಾಣ ತೆರೆಯುತ್ತದೆಯೇ? ಯಾವುದೂ ತೆರೆಯದಿದ್ದರೆ ಕೊರತೆ ನಮ್ಮ ಕೋಣೆಯಲ್ಲೋ ನಮ್ಮ ಊರಿನ ಲೈನಿನಲ್ಲೋ ಇದೆ. ಉಳಿದವೆಲ್ಲ ತೆರೆದು ಅದೊಂದೇ ತೆರೆಯದಿದ್ದರೆ ಕೊರತೆ ದೂರದಲ್ಲಿದೆ. ಇದನ್ನು ನೋಡದೆ ಸರ್ವರನ್ನು ದೂರುವುದು, ಕುಣಿಯಲಾರದವಳು ನೆಲ ಡೊಂಕೆಂದಂತೆ.

ಮೂರನೆಯದು, ಕೆಡದೆಯೇ ಕೆಟ್ಟಂತೆ ಕಾಣುವ ತೊಂದರೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪತ್ರವನ್ನು, ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಕಡತ ಹಾಳಾಯಿತೆಂದು ಅದನ್ನು ಅಳಿಸಿಬಿಟ್ಟವರನ್ನು ಕಂಡಿದ್ದೇನೆ. ಹಾಳಾಗಿರುವುದಿಲ್ಲ, ಆ ಅಕ್ಷರಗಳನ್ನು ಹಾಕಿಕೊಂಡರೆ ಓದಬಹುದು. ಹೊಸ ಪತ್ರಗಳನ್ನು ಯೂನಿಕೋಡಿನಲ್ಲಿ ಬರೆದರೆ ಈ ತೊಡಕೇ ಇರುವುದಿಲ್ಲ. ಹಾಗೆಯೇ, ಮಣ್ಣಿನಲ್ಲಿ ದುಡಿದು ಬೆರಳಿನ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರವು ಎಷ್ಟೋ ವೇಳೆ ಗುರುತಿಸದು. ಅದು ದುಡಿದವನ ತಪ್ಪಲ್ಲ, ಮೊಬೈಲಿಗೆ ಒ.ಟಿ.ಪಿ. ತರಿಸುವ ದಾರಿ ಇರುವಲ್ಲಿ ಅದನ್ನೇ ಹಿಡಿಯಬೇಕು.

ಇಷ್ಟಾದರೂ ಯಂತ್ರ ನಡೆಯದ ದಿನಗಳುಂಟು. ಆಗ ಮಾಡಬೇಕಾದುದೇನು? ನಾನು ಕಂಡ ಎರಡು ಕಡೆಗಳನ್ನು ಹೋಲಿಸುತ್ತೇನೆ. ಒಂದು ಕಡೆ, ಕುಣಿಗಲ್ ಸೀಮೆಯ ಮುದುಕರೊಬ್ಬರು ಮೊಮ್ಮಗಳ ವಿದ್ಯಾರ್ಥಿವೇತನಕ್ಕಾಗಿ ಆದಾಯ ಪ್ರಮಾಣಪತ್ರದ ಅರ್ಜಿ ಕೊಡಲು ಬಂದಿದ್ದರು. “ಸರ್ವರ್ ಇಲ್ಲ, ನಾಳೆ ಬಾರಜ್ಜ” ಎಂದರು. ನಾಳೆಯೂ ಅದೇ ಮಾತು. “ಎರಡು ದಿನದ ಕೂಲಿ ಹೋಯ್ತಲ್ಲ ಸ್ವಾಮಿ, ಕಡೇ ದಿನ ಸೋಮವಾರವಂತೆ” ಎಂದು ಅವರು ಹೇಳಿದ್ದಕ್ಕೆ ಉತ್ತರ ಬರಲಿಲ್ಲ. ಇನ್ನೊಂದು ಕಡೆಯೂ ಅದೇ ಸರ್ವರ್, ಅದೇ ತೊಂದರೆ. ಆದರೆ ಅಲ್ಲಿನ ಗುಮಾಸ್ತರು ಒಂದು ನೋಟುಬುಕ್ಕು ಇಟ್ಟಿದ್ದರು. ಬಂದವರ ಹೆಸರು, ಹೊತ್ತು, ಕೆಲಸದ ಕಡೆಯ ದಿನ, ಫೋನ್ ನಂಬರು ಬರೆದುಕೊಂಡು, ದಾಖಲೆಗಳು ಸರಿಯಾಗಿವೆಯೇ ಎಂದು ಆಗಲೇ ನೋಡಿ, ಲೈನು ಬಂದಾಗ ಸರದಿಯಂತೆ ಕರೆಯುತ್ತಿದ್ದರು. ಯಂತ್ರದಲ್ಲಿ ಭೇದವಿರಲಿಲ್ಲ, ಭೇದವಿದ್ದುದು ಮನುಷ್ಯರಲ್ಲಿ.

ಈ ನೋಟುಬುಕ್ಕು ಸಣ್ಣ ವಸ್ತುವಲ್ಲ. ೨೦೧೨ರಿಂದ ರಾಜ್ಯದಲ್ಲಿ ‘ಸಕಾಲ’ ಜಾರಿಯಲ್ಲಿದ್ದು, ಇಂತಿಷ್ಟು ದಿನಗಳಲ್ಲಿ ಕೆಲಸ ಆಗಬೇಕೆಂಬ ಹಕ್ಕು ನಾಗರಿಕನಿಗೆ ದೊರೆತಿದೆ. ಆದರೆ ಆ ದಿನಗಳನ್ನು ಎಣಿಸಲು ಬೇಕಾದ ಸ್ವೀಕೃತಿ ಸಂಖ್ಯೆಯನ್ನು ಕೊಡುವುದೂ ಕಂಪ್ಯೂಟರೇ. ಯಂತ್ರ ನಿಂತಾಗ ಬಂದು ಹಿಂದಿರುಗಿದವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅವನು ಬಂದಿದ್ದನೆಂಬುದಕ್ಕೆ ಆ ನೋಟುಬುಕ್ಕಿನ ಸಾಲೊಂದೇ ಸಾಕ್ಷಿ.

ಇದು ನಮ್ಮ ಜಿಲ್ಲೆಯ ಕಥೆ ಮಾತ್ರವಲ್ಲ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ತಂತ್ರಾಂಶವೊಂದರಿಂದ ಜಗತ್ತಿನಲ್ಲಿ ಸುಮಾರು ೮೫ ಲಕ್ಷ ಕಂಪ್ಯೂಟರುಗಳು ನಿಂತುಹೋದವು. ಆ ದಿನ ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಪೆನ್ನಿನಿಂದ ಬರೆದುಕೊಟ್ಟರು. ವಿಮಾನವನ್ನು ಹತ್ತಿಸಲು ಬಂದ ಪೆನ್ನು, ಅಜ್ಜನೊಬ್ಬನ ಹೆಸರು ಬರೆದುಕೊಳ್ಳಲು ಬಾರದೇ?

ಆದುದರಿಂದ ಮಿತ್ರರೇ, ನಾಳೆ ಕಚೇರಿ ಸೇರುವವರು ಇಷ್ಟನ್ನು ನೆನಪಿಡಬೇಕು: ತೊಂದರೆ ಎಲ್ಲಿದೆಯೆಂದು ಮೊದಲು ಕಂಡುಹಿಡಿಯುವುದು, ಮುಖ್ಯ ಕಡತಗಳ ಪ್ರತಿಯನ್ನು ಎರಡು ಬೇರೆ ಸ್ಥಳಗಳಲ್ಲಿ ಇಡುವುದು, ಎದುರಿಗಿರುವವರಿಗೆ ನಿಜವನ್ನು ಹೇಳುವುದು, ಅವರ ಹೆಸರನ್ನು ಬರೆದುಕೊಳ್ಳುವುದು. ಯಂತ್ರವನ್ನು ರಿಪೇರಿ ಮಾಡುವುದು ಎಲ್ಲರಿಗೂ ಸಾಧ್ಯವಾಗದು. ಕಾದು ನಿಂತವರಿಗೆ ಕೂರಲು ಬೆಂಚು ತೋರಿಸುವುದು ಯಾರಿಗೂ ಅಸಾಧ್ಯವಲ್ಲ.