ವಾಸಿಯಾಗದ ಕಾಮಾಲೆ: ಆಟೋಇಮ್ಯೂನ್ ಹೆಪಟೈಟಿಸ್ ಕುರಿತು ಸದಸ್ಯರಿಗೆ ತಿಳಿವಳಿಕೆ

ಗ್ರಾಮದಲ್ಲಿ ಕಾಮಾಲೆ ಕಾಣಿಸಿಕೊಂಡೊಡನೆ ಕುಡಿಯುವ ನೀರಿನ ಮೂಲವನ್ನು ಪರೀಕ್ಷಿಸುವುದು ಸರಿಯಾದ ಕ್ರಮ. ಹೆಪಟೈಟಿಸ್ ಎ ಮತ್ತು ಇ ವೈರಾಣುಗಳು ಮಲಿನ ನೀರಿನಿಂದಲೇ ಹರಡುತ್ತವೆ. ಅಂತಹ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಇಡೀ ಓಣಿಯಲ್ಲಿ ಒಬ್ಬರಿಗೇ ಬಂದು, ತಿಂಗಳುಗಳಾದರೂ ಇಳಿಯದ ಅಥವಾ ಇಳಿದು ಮರುಕಳಿಸುವ ಕಾಮಾಲೆಗೆ ಕಾರಣ ಬೇರೆ ಇರಬಹುದು.

ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ನಿರೋಧಕ ವ್ಯವಸ್ಥೆಯೇ ಯಕೃತ್ತಿನ ಜೀವಕೋಶಗಳ ಮೇಲೆ ದಾಳಿ ಮಾಡುವ ಸ್ಥಿತಿಗೆ ಆಟೋಇಮ್ಯೂನ್ ಹೆಪಟೈಟಿಸ್ ಎನ್ನುತ್ತಾರೆ. ಇದು ಯಾವ ವಯಸ್ಸಿನಲ್ಲಿಯೂ ಬರಬಹುದು, ಮಹಿಳೆಯರಲ್ಲಿ ಹೆಚ್ಚು. ಅಂಟುರೋಗವಲ್ಲವಾದ್ದರಿಂದ ರೋಗಿಗೆ ತಟ್ಟೆ, ಲೋಟ ಬೇರೆಯಿಡುವ ಅಗತ್ಯವಿಲ್ಲ. ಮದ್ಯಪಾನ ಮಾಡದವರಿಗೂ ಬರುವ ಈ ರೋಗಕ್ಕೆ ಕುಡಿತದ ಆರೋಪ ಹೊರಿಸುವುದು ಅನ್ಯಾಯ.

ಅತಿಯಾದ ಆಯಾಸ, ಕೀಲುನೋವು, ಹಸಿವಿಲ್ಲದಿರುವುದು, ಮುಟ್ಟು ನಿಲ್ಲುವುದು ಮೊದಲ ಸೂಚನೆಗಳಾಗಿರಬಹುದು. ಕೆಲವರಲ್ಲಿ ಯಾವ ಲಕ್ಷಣವೂ ಇರದೆ, ಹೊಟ್ಟೆಯಲ್ಲಿ ನೀರು ತುಂಬಿದಾಗಲೇ ರೋಗ ತಿಳಿಯುತ್ತದೆ. ಅಷ್ಟರಲ್ಲಿ ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಹಂತ ತಲುಪಿರುತ್ತದೆ. ವೈರಾಣು ಸೋಂಕು ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕ ರಕ್ತದಲ್ಲಿ ಐಜಿಜಿ ಪ್ರಮಾಣ ಹಾಗೂ ನಿರ್ದಿಷ್ಟ ಪ್ರತಿಕಾಯಗಳನ್ನು ಪರೀಕ್ಷಿಸಿ, ಯಕೃತ್ತಿನ ಸಣ್ಣ ತುಣುಕನ್ನು ತೆಗೆದು ನೋಡಿ ರೋಗವನ್ನು ನಿರ್ಣಯಿಸುತ್ತಾರೆ. ಈ ಸೌಲಭ್ಯಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುವುದಿಲ್ಲ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಶಿಫಾರಸು ಪಡೆಯುವುದು ಅವಶ್ಯ.

ಇಲ್ಲಿ ನಾಟಿ ಔಷಧಿಯ ವಿಷಯ ಹೇಳದೆ ವಿಧಿಯಿಲ್ಲ. ಕಾಮಾಲೆಗೆ ಬರೆ ಹಾಕಿಸುವುದರಿಂದ ಗಾಯವಾಗುವುದೇ ಹೊರತು ರೋಗ ಹೋಗದು. ಅಮೃತಬಳ್ಳಿಯ ಕಷಾಯ ಸೇವಿಸಿದ ಕೆಲವರಲ್ಲಿ ಇದೇ ಬಗೆಯ ಯಕೃತ್ ಹಾನಿ ಕಂಡುದಾಗಿ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ನಿರ್ಣಯವನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಯಕೃತ್ತಿನ ರೋಗಿಯು ವೈದ್ಯರಿಗೆ ತಿಳಿಸದೆ ಕಷಾಯ ಕುಡಿಯಬಾರದು.

ಚಿಕಿತ್ಸೆ ಇದೆ, ಬಹುಪಾಲು ರೋಗಿಗಳಲ್ಲಿ ಫಲಕಾರಿಯೂ ಆಗಿದೆ. ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಆರಂಭಿಸಿ, ನಂತರ ಅಜಾಥಿಯೋಪ್ರಿನ್ ಸೇರಿಸಿ, ಮೊದಲನೆಯದನ್ನು ಕ್ರಮೇಣ ಇಳಿಸುತ್ತಾರೆ. ಕಣ್ಣಿನ ಹಳದಿ ಹೋದ ಕೂಡಲೇ ಮಾತ್ರೆ ಬಿಡುವುದೇ ದೊಡ್ಡ ಅಪಾಯ. ಚಿಕಿತ್ಸೆ ಕನಿಷ್ಠ 2ರಿಂದ 3 ವರ್ಷ, ಹಲವರಿಗೆ ಜೀವನಪರ್ಯಂತ ಬೇಕಾಗುತ್ತದೆ. ಪ್ರೆಡ್ನಿಸೊಲೋನ್ ಹಠಾತ್ತಾಗಿ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಸಕ್ಕರೆ, ರಕ್ತದೊತ್ತಡ ಮತ್ತು ಬಿಳಿ ರಕ್ತಕಣಗಳ ತಪಾಸಣೆ ನಡೆಯುತ್ತಿರಬೇಕು. ಗರ್ಭಿಣಿಯರೂ ವೈದ್ಯರನ್ನು ಕೇಳದೆ ಔಷಧಿ ಬಿಡತಕ್ಕದ್ದಲ್ಲ.

ಮಾತ್ರೆ ಮುಗಿದು ಪೇಟೆಗೆ ಹೋಗಲಾಗದ ಮನೆಗಳನ್ನು ಆಶಾ ಕಾರ್ಯಕರ್ತೆಯರ ಮೂಲಕ ಗುರುತಿಸಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ರೋಗಿಯ ಹೆಸರು ಬಹಿರಂಗಪಡಿಸದೆ ವಿಷಯ ಮಂಡಿಸಬಹುದು.